ಮುಚ್ಚಳ ತೆಗೆದಾಗ ಹೇಳುವ ಹೆಸರು

ಎಲ್ಲರ ಮನೆಯ ಕರೆಂಟ್ ಕುಕ್ಕರಿನಂತೆ ನಮ್ಮದೂ ಮುಚ್ಚಳ ತೆಗೆದ ಕೂಡಲೇ ಆ ಅಡುಗೆ ಕಲಿಸಿದವರ ಹೆಸರು ಹೇಳುತ್ತದೆ. ನನ್ನ ಸಾರಿಗೆ ಅಮ್ಮನ ಹೆಸರು, ಪಾಯಸಕ್ಕೆ ಪಕ್ಕದ ಮನೆಯವರದು. ಯಾರೂ ಕಿವಿಗೊಡುವುದಿಲ್ಲ.

ಭಾನುವಾರದ ಸ್ಟೀಕ್ ಮಾತ್ರ ನನ್ನ ಗಂಡ ವಲೇರಿಯನ್ ಅವರದು. ಇಗರ್ಜಿಯ ಪೂಜೆ ಮುಗಿಸಿ ಬಂದವರೇ ಮಾಂಸದ ದಪ್ಪ ತುಂಡುಗಳನ್ನು ಕುಕ್ಕರಿನಲ್ಲೇ ಕೆಂಪಗೆ ಹುರಿದು, ಕರಿಮೆಣಸು, ವಿನೆಗರ್ ಹಾಕಿ ಮುಚ್ಚುತ್ತಾರೆ. ಕಲಿಸಿದ್ದು ತೀರಿಹೋದ ಅವರ ಅಮ್ಮ, ಅಂದರೆ ನನ್ನ ಅತ್ತೆ, ಅಂತೆ. ಮುಚ್ಚಳ ತೆಗೆಯುವ ಹೊತ್ತಿಗೆ ಸರಿಯಾಗಿ ಪುದೀನ ಚಟ್ನಿಗೆಂದು ಮಿಕ್ಸಿ ಹಾಕುತ್ತಾರೆ. ಹದಿನಾಲ್ಕು ವರ್ಷ ಆ ಗದ್ದಲ ಚಟ್ನಿಗಾಗಿಯೇ ಎಂದು ನಂಬಿದ್ದೆ.

ಇವತ್ತು ಮಿಕ್ಸಿ ರಿಪೇರಿಗೆ ಹೋಗಿತ್ತು.

"ನೀನು ಹೊರಗೆ ಕೂತ್ಕೋ ಮಾರಾಯ್ತಿ, ನಾನೇ ತರ್ತೇನೆ," ಅಂದರು.

"ಎಂತಕ್ಕೆ? ಬೆಂದಾಯ್ತಲ್ಲ," ಎಂದು ನಾನೇ ಮುಚ್ಚಳ ತಿರುಗಿಸಿದೆ.

"ಜೆಸಿಂತಾ," ಎಂದಿತು ಕುಕ್ಕರ್.

ಜೆಸಿಂತಾ ನನ್ನ ತಂಗಿ. ಅಡುಗೆಯೇ ಬರುವುದಿಲ್ಲ ಎಂದು ನಮ್ಮಲ್ಲಿ ಬಂದು ಉಣ್ಣುವವಳು. ಹೋದ ಭಾನುವಾರ ಇದೇ ಮೇಜಿನಲ್ಲಿ ಎರಡು ತುಂಡು ತಿಂದು, ಬೆರಳು ನೆಕ್ಕುತ್ತಾ ಕೇಳಿದ್ದಳು: "ಇಷ್ಟು ಒಳ್ಳೆದು ಮಾಡ್ಲಿಕ್ಕೆ ನಿಮ್ಗೆ ಯಾರು ಕಲಿಸಿದ್ದು ಬಾವ?"

ಅವರು ತಟ್ಟೆ ನೋಡುತ್ತಿದ್ದರು. "ನಮ್ಮ ಅತ್ತೆ," ಎಂದು ಹೆಮ್ಮೆಯಿಂದ ಉತ್ತರ ಕೊಟ್ಟವಳು ನಾನು.