ಬೀಟ್‌ರೂಟ್ ಸೊಪ್ಪು

ಈಗಲೂ ಬೀಟ್‌ರೂಟ್ ಸೊಪ್ಪು ಹೆಚ್ಚಿ ಬೆರಳು ಕೆಂಪಾದಾಗ ಚೆನ್ನೈನ ಕೋಯಂಬೇಡು ಮಾರ್ಕೆಟ್ಟಿನ ಆ ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪನಿಗೆ ಕೆಲಸ ಹೋಗಿತ್ತು. ತಂಗಿಗೆ ರಕ್ತ ಕಡಿಮೆಯಿದೆ, ದಿನಾ ಸೊಪ್ಪು ಕೊಡಿ ಎಂದಿದ್ದರು ಡಾಕ್ಟರು. ತರಕಾರಿ ಅಂಗಡಿಯೊಂದರ ಮುಂದೆ, ಗೆಡ್ಡೆಯಿಂದ ಕತ್ತರಿಸಿ ಎಸೆದಿದ್ದ ಸೊಪ್ಪನ್ನು ಅಮ್ಮ ಬಗ್ಗಿ ಆರಿಸುತ್ತಿದ್ದಳು.

“ಮಾಟ್ಟುಕ್ಕಾಮ್ಮಾ?” ಹಸುವಿಗಾ ಎಂದು ಅಂಗಡಿಯ ಅಜ್ಜಿ ಕೇಳಿದಳು.

“ಆಮಾ,” ಹೌದು ಅಂದಳು ಅಮ್ಮ, ತಲೆಯೆತ್ತದೆ.

“ನಮ್ಮನೇಲಿ ಹಸು ಎಲ್ಲಿದೆಯಮ್ಮಾ?” ತಂಗಿ ತಮಿಳಿನಲ್ಲೇ ಜೋರಾಗಿ ಕೇಳಿಬಿಟ್ಟಳು.

ಅಜ್ಜಿ ಮಾರಲು ಇಟ್ಟಿದ್ದ ರಾಶಿಯಿಂದ ಎಳೆಯ ಹರಿವೆಯ ಕಟ್ಟೊಂದನ್ನು ತೆಗೆದು ನಮ್ಮ ಚೀಲದೊಳಗಿಟ್ಟಳು. ಬೇಡವೆನ್ನಲು ಬಾಯಿ ತೆರೆದ ಅಮ್ಮ ತಂಗಿಯ ಬಿಳಿಚಿದ ಮುಖ ನೋಡಿ ಚೀಲವನ್ನು ಹೆಗಲಿಗೇರಿಸಿದಳು.

ಮರುವಾರ ನಾವು ಮಾರ್ಕೆಟ್ಟಿನ ಬೇರೆ ಸಾಲಿಗೆ ಹೋದೆವು. ಬಸ್ಸಿಳಿದ ಕೂಡಲೇ ಅಮ್ಮ ತಂಗಿಯ ಕೆನ್ನೆ ಸವರಿ ಹೇಳಿದಳು: “ಯಾರಾದ್ರೂ ಕೇಳಿದ್ರೆ ನಮ್ಮನೇಲಿ ಹಸು ಇದೆ ಅನ್ನಬೇಕು. ಆಯ್ತಾ, ಪುಟ್ಟಿ?”