ಸೊರಾವಿಯ ರಾಷ್ಟ್ರಗೀತೆ

ಸೊರಾವಿ ಎಂಬ ದ್ವೀಪದೇಶ ಕಡಲಿನಲ್ಲಿ ಮುಳುಗಿ ಎಷ್ಟೋ ವರ್ಷಗಳಾದರೂ ಅದರ ಬಾವುಟ ಹಾರಿಸುವ ಹಡಗುಗಳು ಮಾತ್ರ ಹೆಚ್ಚುತ್ತಲೇ ಇದ್ದವು. ಮುಳುಗಿದ ದೇಶಕ್ಕೆ ತೆರಿಗೆ ಕೇಳಲು ಬಾಯಿಲ್ಲವಲ್ಲ! ಆದರೆ ಸರಕು ಇಳಿಸುವ ಮೊದಲು ಬಾವುಟದ ದೇಶದ ಪ್ರಜೆಯೊಬ್ಬರು ಬಂದರಿನಲ್ಲಿ ನಿಂತು ರಾಷ್ಟ್ರಗೀತೆ ಹಾಡಲೇಬೇಕು ಎನ್ನುವುದು ಕಾನೂನು. ಮಂಗಳೂರಿನಲ್ಲಿ ಆ ಕೆಲಸ ಎಲೋಮಾಳದು.

ಬೆಳಿಗ್ಗೆ ಗೋಡಂಬಿಯ ಹಡಗು ಬಂತು. ಎಂದಿನಂತೆ ಅವಳು ಕಪ್ತಾನನನ್ನು ಕೇಳಿದಳು, "ನಿಮ್ಮಲ್ಲಿ ಸೊರಾವಿಯವರು ಯಾರಾದ್ರೂ ಇದ್ದಾರಾ?" ಅವನು ಇಲ್ಲವೆಂದು ತಲೆಯಲ್ಲಾಡಿಸಿದ.

ಎಲೋಮಾ ಹಾಡತೊಡಗಿದಳು. ಆ ಗೀತೆಯ ನಡುವೆ ಒಬ್ಬರು "ಯಾರಿದ್ದೀರಿ?" ಎಂದು ಕೂಗಬೇಕು, ಉಳಿದವರೆಲ್ಲ "ನಾವಿದ್ದೇವೆ" ಎನ್ನಬೇಕು. ಹೋದ ಮಳೆಗಾಲದವರೆಗೆ ಅವಳ ತಂಗಿ ಉತ್ತರಿಸುತ್ತಿದ್ದಳು. ತಂಗಿ ತೀರಿಕೊಂಡ ಮೇಲೆ ಎಲೋಮಾ ಕೂಗಿ, ಉತ್ತರದಷ್ಟು ಹೊತ್ತು ಸುಮ್ಮನಿದ್ದು, ಮುಂದಿನ ಸಾಲು ಹಿಡಿಯುತ್ತಿದ್ದಳು.

ಇವತ್ತು ಅವಳು ಕೂಗಿದ ಕೂಡಲೇ ಉತ್ತರ ಬಂತು, ಅವಳದೇ ಭಾಷೆಯಲ್ಲಿ. ಬೆಚ್ಚಿ ತಿರುಗಿದರೆ, ಗೇಟಿನ ಕಾವಲುಗಾರ ವಾಮನ ಸಾಲ್ಯಾನ್.

"ಕೇಳಿ ಕೇಳಿ ಬಾಯಿಪಾಠ ಆಗಿದೆ ಎಲೋಮಕ್ಕ. ನೀವು ಹಾಗೆ ಕಾಯುದು ನೋಡ್ಲಿಕ್ಕೆ ಆಗುದಿಲ್ಲ."

"ಸೊರಾವಿಯವರಲ್ಲದವರು ಉತ್ತರ ಹೇಳಿದ್ರೆ ಪುನಃ ಮೊದಲಿಂದ ಹಾಡ್ಬೇಕು ಮಾರಾಯ. ನಮ್ಮ ಕ್ರಮ ಹಾಗೆ."

ಕ್ರೇನಿನವರು ಗೊಣಗಿದರು. ಎಲೋಮಾ ಮೊದಲಿಂದ ಹಾಡಿದಳು. "ಯಾರಿದ್ದೀರಿ?" ಎಂದು ಕಡಲಿನ ಕಡೆಗೆ ಕೂಗಿದಳು. ಸಾಲ್ಯಾನ್ ಟೋಪಿ ತೆಗೆದು, ಬಾಯಿ ಮುಚ್ಚಿಕೊಂಡು, ಅವಳ ಪಕ್ಕಕ್ಕೆ ಬಂದು ನಿಂತ.

ಇಬ್ಬರೂ ಕಾದರು.