ಗುಂಡಿಗೆ ಇಳಿಯುವ ಮುನ್ನ

ಗುಂಡಿಯೊಳಗೆ ಗುದ್ದಲಿಯ ಸದ್ದು ನಿಂತಿತು. ಅಂಚಿನಲ್ಲಿ ಬಾಣಲಿ ಹಿಡಿದು ನಿಂತಿದ್ದ ಮರಿತಾಯಮ್ಮ ಬಗ್ಗಿ ನೋಡಿದಳು. ಹುಚ್ಚಯ್ಯ ಮಂಡಿಯೂರಿ ಕುಸಿದು, ಕುಡಿದವನಂತೆ ತೂಗಾಡುತ್ತಿದ್ದ.

ತಿ. ನರಸೀಪುರದ ರಸ್ತೆಯಲ್ಲಿ ಹಳೆಯ ಪೆಟ್ರೋಲ್ ಬಂಕೊಂದನ್ನು ಮುಚ್ಚಿ, ನೆಲದೊಳಗಿದ್ದ ತೂತುಬಿದ್ದ ಟ್ಯಾಂಕನ್ನು ಹೊರಗೆಳೆದಿದ್ದರು. ಅದು ಸೋರಿ ಕಪ್ಪಾಗಿದ್ದ ಮಣ್ಣನ್ನು ಬಗೆದು ಲಾರಿಗೆ ತುಂಬುವುದು ಹೆಮ್ಮಿಗೆಯ ಎಂಟು ಜನರ ಕೆಲಸ. ಎರಡೇ ದಿನಕ್ಕೆ ಎಲ್ಲರ ಅಂಗೈ ಸುಲಿದಿತ್ತು. ಎಷ್ಟು ಸೋಪು ಉಜ್ಜಿದರೂ ರಾತ್ರಿ ತಿನ್ನುವ ಮುದ್ದೆಗೆಲ್ಲ ಪೆಟ್ರೋಲ್ ವಾಸನೆ.

ಹುಚ್ಚಯ್ಯನ ತಮ್ಮ ರಾಜೇಂದ್ರ ಏಣಿಗೆ ಕಾಲಿಟ್ಟ. ಮರಿತಾಯಮ್ಮ ಅವನ ರಟ್ಟೆ ಹಿಡಿದು ಎಳೆದಳು.

"ಇಳೀಬ್ಯಾಡ ಕಣಪ್ಪ! ನೀನೂ ಅಲ್ಲೇ ಬೀಳ್ತೀಯ. ಓಗು, ಅಗ್ಗ ತಕ್ಕೊಂಬಾ!"

ಪಾಳುಬಾವಿಗೆ ಒಬ್ಬನ ಹಿಂದೊಬ್ಬ ಇಳಿದ ಅಣ್ಣತಮ್ಮಂದಿರ ಹೆಣಗಳನ್ನು ಒಮ್ಮೆ ಕಣ್ಣಾರೆ ಕಂಡವಳು ಅವಳು. ಹಗ್ಗಕ್ಕೆ ಕುಣಿಕೆ ಹಾಕಿ ಕೆಳಗೆ ಬಿಟ್ಟಳು.

"ಅಣ್ಣೋ, ಕಂಕುಳಿಗೆ ಸಿಗ್ಸ್ಕೋ! ಕಣ್ ಮುಚ್ಬ್ಯಾಡ!"

ಎರಡು ಸಲ ಕೈ ತಪ್ಪಿತು. ಮೂರನೆಯ ಸಲ ಸಿಕ್ಕಿತು. ಉಳಿದ ಏಳೂ ಜನ ಮೇಲಕ್ಕೆ ಎಳೆದು ಹಾಕಿದರು. ಹುಚ್ಚಯ್ಯ ಬೇವಿನ ನೆರಳಲ್ಲಿ ವಾಂತಿ ಮಾಡಿಕೊಂಡು ಕೊನೆಗೂ ಕಣ್ಣುಬಿಟ್ಟ. ರಾಜೇಂದ್ರ ಅವನನ್ನು ಆಟೋ ಹತ್ತಿಸಿ ಆಸ್ಪತ್ರೆಗೆ ಕರೆದೊಯ್ದ.

"ಬಿಸಿಲಿಗೆ ತಲೆ ಸುತ್ತಿರುತ್ತೆ. ಮಜ್ಜಿಗೆ ಕುಡ್ದು ಶುರು ಮಾಡ್ರಿ," ಎಂದ ಸೂಪರ್‌ವೈಸರ್ ರುದ್ರೇಶ್.

"ಬಿಸ್ಲಲ್ಲ ಸಾ, ಗುಂಡೀಲಿ ಗ್ಯಾಸ್ ತುಂಬೈತೆ," ಎಂದಳು ಮರಿತಾಯಮ್ಮ. "ಬೂಟು, ಗ್ಲೌಸು ಕೊಡಿ. ಗಾಳಿ ಬಿಡೋ ಮಿಷಿನ್ನು ತರ್ಸಿ. ಮ್ಯಾಲೆ ಅಗ್ಗ ಇಡ್ಕೊಂಡು ಒಬ್ರು ಕಾಯ್ಬೇಕು. ಅಲ್ಲೀಗಂಟ ಯಾರೂ ಇಳಿಯಾಕಿಲ್ಲ."

"ನಾಳೆ ಮೂಗೂರಿಂದ ಬೇರೆ ಜನ ಕರೆಸ್ತೀನಿ."

"ಕರ್ಸಿ. ಅವ್ರ್ಗೂ ಇದ್ನೇ ಯೋಳ್ತೀನಿ. ಇಲ್ಲಾಂದ್ರೆ ನೀವೇ ಇಳೀರಿ ಸಾ, ಏಣಿ ನಾನ್ ಇಡ್ಕೋತೀನಿ."

ರುದ್ರೇಶ್ ರೋಷದಿಂದ ಏಣಿಯತ್ತ ನಡೆದ. ಬಗ್ಗಿ ಒಂದೇ ಉಸಿರು ಎಳೆದ. ಕೆಮ್ಮುತ್ತಾ ಹಿಂದೆ ಸರಿದ. ಯಾರೂ ನಗಲಿಲ್ಲ. ಕೆಲಸದವರು ಬಾಣಲಿಗಳನ್ನು ಬೋರಲು ಹಾಕಿ ಅವುಗಳ ಮೇಲೆ ಕೂತರು. ಕೆಲಸ ಹೋದರೆ ಮುಂದೇನೆಂಬ ಚಿಂತೆ ಮರಿತಾಯಮ್ಮನಿಗಿತ್ತು. ಆದರೂ ಏಳಲಿಲ್ಲ. ಬಹಳ ಹೊತ್ತು ಬಿಟ್ಟು ರುದ್ರೇಶ್ ಫೋನ್ ಮಾಡಲು ಎದುರಿನ ಎಸ್‌ಟಿಡಿ ಬೂತಿಗೆ ಹೋದ.

ಮರುದಿನ ಮೂಗೂರಿನವರು ಬರಲಿಲ್ಲ. ಮೈಸೂರಿನಿಂದ ವ್ಯಾನು ಬಂತು. ರಬ್ಬರ್ ಬೂಟು, ಗ್ಲೌಸು, ಗಾಳಿ ಊದುವ ಯಂತ್ರ ಇಳಿದವು. ಹಿಂದೆಯೇ ಎಂಜಿನಿಯರ್ ಇಳಿದರು. ಅವರು ಹಗ್ಗಕ್ಕೆ ಕಟ್ಟಿ ಗುಂಡಿಗೆ ಬಿಟ್ಟ, ಗ್ಯಾಸ್ ಪತ್ತೆಹಚ್ಚುವ ಸಣ್ಣ ಮೀಟರು ತಳ ಮುಟ್ಟುವ ಮೊದಲೇ ಚೀರಿಕೊಂಡಿತು.

"ನೀವು ಹೇಳಿದ್ದೇ ಸರಿ ಕಣಮ್ಮ," ಎಂದರು ಮರಿತಾಯಮ್ಮನತ್ತ ತಿರುಗಿ. "ಇನ್ಮೇಲೆ ಯಾರು ಇಳೀಬೇಕು, ಯಾವಾಗ ಇಳೀಬೇಕು, ನೀವೇ ಹೇಳಿ."

ಗಂಟೆಗಟ್ಟಲೆ ಗಾಳಿ ಊದಿದ ಮೇಲೆ ಮೀಟರು ಸುಮ್ಮನಾಯಿತು. ಎಂಜಿನಿಯರ್ ಆಳ ಅಳೆಯಲು ಟೇಪು ಹಿಡಿದು, ಮಿರುಗುವ ಚರ್ಮದ ಷೂನಲ್ಲೇ ಏಣಿಗೆ ಕಾಲಿಟ್ಟರು.

"ನಿಂತ್ಕೊಳ್ಳಿ ಸಾ," ಎಂದಳು ಮರಿತಾಯಮ್ಮ. "ರಬ್ಬರ್ ಬೂಟೆಲ್ಲಿ?"

ಎಂಜಿನಿಯರ್ ಕಾಲು ಹಿಂದೆ ತೆಗೆದರು. ಬೂಟು ತರಲು ರುದ್ರೇಶ್ ವ್ಯಾನಿನತ್ತ ಓಡಿದ.